ಕಾರಿನ ಆಯಿಲ್ ಬೈಕಿಗೂ ಆಗುತ್ತಾ? ಒಂದು ಸ್ಪಷ್ಟನೆ

"ಕಾರಿನ ಆಯಿಲ್ ಅಗ್ಗ, ಬೈಕಿಗೂ ಅದನ್ನೇ ಹಾಕಿ, ಎರಡೂ ಒಂದೇ" ಅನ್ನೋ ಮೆಸೇಜ್ ದಾವಣಗೆರೆ ಕಡೆ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಕಾರಿನಲ್ಲಿ ಗೇರ್‌ಬಾಕ್ಸಿಗೆ ಬೇರೆ ಆಯಿಲ್ ಇರುತ್ತದೆ, ಆದರೆ ನಮ್ಮ ಹೆಚ್ಚಿನ ಗೇರ್ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಪ್ಲೇಟು ಮೂರಕ್ಕೂ ಒಂದೇ ಆಯಿಲ್. ಮೈಲೇಜ್ ಹೆಚ್ಚಲಿ ಅಂತ ಕಾರಿನ ಎಷ್ಟೋ ಆಯಿಲುಗಳಿಗೆ ಜಾರಿಕೆ ಹೆಚ್ಚಿಸುವ ಅಂಶ ಸೇರಿಸಿರುತ್ತಾರೆ. ಅದು ಪ್ಲೇಟಿಗೆ ತಗುಲಿದರೆ ಕ್ಲಚ್ ಸ್ಲಿಪ್ ಆಗಬಹುದು, ಆಗ ಎಕ್ಸಲೇಟರ್ ಕೊಟ್ಟರೂ ಎಂಜಿನ್ ಕೂಗುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ. ಹೆದ್ದಾರಿಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಹೀಗಾದರೆ ಜೀವಕ್ಕೇ ಅಪಾಯ ಅಲ್ವಾ?

ಗೇರ್ ಬೈಕಿಗಾದರೆ ಡಬ್ಬಿ ಮೇಲೆ ಜಾಸೋ (JASO, ಆಯಿಲಿಗೆ ಇರುವ ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 (MA, MA2) ಅಂತ ಇದೆಯಾ ನೋಡಿ. ಎಂಬಿ (MB) ಇದ್ದರೆ ಅದು ಗೇರಿಲ್ಲದ ಸ್ಕೂಟರಿಗೆ. ಬಿಸಿಲು ಜಾಸ್ತಿ ಅಂತ ಸುಮ್ನೆ ದಪ್ಪ ಆಯಿಲ್ ಕೂಡ ಹಾಕಿಸಬೇಡಿ, ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿರುವ ಗ್ರೇಡನ್ನೇ ಕೇಳಿ ಹಾಕಿಸಿ.