ಯಾವ ಸಂಘದ ಸರ್ಟಿಫಿಕೇಟಮ್ಮಾ ಇದು?

ನಾನಿರುವ ಅಮೆರಿಕದ ಅಯೋವಾ ರಾಜ್ಯದಲ್ಲಿ ಕುಸ್ತಿ ಅಂದರೆ ಜನಕ್ಕೆ ಹುಚ್ಚು. ಫೆಬ್ರವರಿಯಲ್ಲಿ ಹೈಸ್ಕೂಲ್ ಹುಡುಗರ ರಾಜ್ಯಮಟ್ಟದ ಪಂದ್ಯ ನಡೆಯುತ್ತದೆ. ಹೊರಗೆ ಹಿಮ ಬಿದ್ದಿರುತ್ತದೆ, ಒಳಗೆ ಅಜ್ಜಿಯರೂ ಎದ್ದು ನಿಂತು ಕೂಗುತ್ತಿರುತ್ತಾರೆ. ಆದರೆ ಈ ದೇಶದಲ್ಲೂ ಕುಸ್ತಿಯ ಯಜಮಾನಿಕೆಗೆ ಕೋರ್ಟಿನವರೆಗೆ ಹೋಗಿ ಕಿತ್ತಾಡಿದ್ದಾರೆ.

ದಶಕಗಳ ಕಾಲ ಇಲ್ಲಿನ ಕುಸ್ತಿ ಅಮೆಚೂರ್ ಅಥ್ಲೆಟಿಕ್ ಯೂನಿಯನ್, ಅಂದರೆ ಎಎಯು ಕೈಯಲ್ಲಿತ್ತು. ಅವರ ದರ್ಬಾರು ಸಾಕಾಗಿ ಬೇರೆಯವರು ಇನ್ನೊಂದು ಫೆಡರೇಷನ್ ಕಟ್ಟಿದರು. 1978ರಲ್ಲಿ ಕಾಯ್ದೆ ಬಂತು. ಒಂದು ಆಟಕ್ಕೆ ಒಂದೇ ಮಾನ್ಯ ಸಂಸ್ಥೆ. ಆದರೆ 'ಇವರಿಗಿಂತ ನಾವು ಚೆನ್ನಾಗಿ ನಡೆಸುತ್ತೇವೆ' ಅನ್ನುವವರು ಒಲಿಂಪಿಕ್ ಸಮಿತಿಯ ಮುಂದೆ ಸವಾಲು ಹಾಕಬಹುದು, ತೀರ್ಪು ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ ಹತ್ತಿರ ಹೋಗಬಹುದು. ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಹೊಸಬರು ಗೆದ್ದರು. ಇವತ್ತಿನ ಯುಎಸ್‌ಎ ರೆಸ್ಲಿಂಗ್ ಅವರೇ. ಸೋತ ಎಎಯು ಈಗಲೂ ಮಕ್ಕಳ ಪಂದ್ಯ ನಡೆಸುತ್ತದೆ. ನಮ್ಮ ಪಕ್ಕದ ಮನೆ ಹುಡುಗ ಎರಡು ಕಡೆಯೂ ಆಡುತ್ತಾನೆ, ಯಾರೂ ಏನೂ ಕೇಳುವುದಿಲ್ಲ.

ಮೈಸೂರಿನಲ್ಲಿ ನಮ್ಮ ಅಕ್ಕನ ಮಗಳನ್ನು ಕೇಳಿದರು. ಅವಳು ಕರಾಟೆ ಆಡುತ್ತಾಳೆ. ಕ್ರೀಡಾ ಕೋಟಾಕ್ಕೆ ಅಂತ ಸರ್ಟಿಫಿಕೇಟ್ ಹಿಡಿದುಕೊಂಡು ಭಾವನ ಜೊತೆ ಕಚೇರಿಗೆ ಹೋದಳು. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ, ಕೆಳಗೆ ಮೂರು ಸಹಿ. ಗುಮಾಸ್ತರು ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರಂತೆ. "ಯಾವ ಸಂಘದ್ದಮ್ಮಾ ಇದು? ಇನ್ನೊಂದು ಸಂಘದ್ದು ಇದ್ದರೆ ತನ್ನಿ." ಅಲ್ಲಿ ಕರಾಟೆಗೆ ಎರಡು ಸಂಘ, ಎರಡರ ಹೆಸರಿಗೂ ಒಂದೇ ಅಕ್ಷರ ವ್ಯತ್ಯಾಸ. ಫೀಸು ಕಟ್ಟುವಾಗ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಇದು ಒಂದು ಮನೆಯ ಕಥೆ ಅಂದುಕೊಳ್ಳಬೇಡಿ. ಸಮಯಕ್ಕೆ ಚುನಾವಣೆ ನಡೆಸಲಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ವಿಶ್ವ ಕುಸ್ತಿ ಸಂಸ್ಥೆ ಭಾರತದ ಕುಸ್ತಿ ಫೆಡರೇಷನ್ನನ್ನು ಅಮಾನತು ಮಾಡಿತು. ಮುಂದಿನ ತಿಂಗಳು ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಕುಸ್ತಿಪಟು ಅಂತಿಮ್ ಪಂಘಲ್ ಕಂಚು ಗೆದ್ದಾಗ ಭಾರತದ ಬಾವುಟವೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಚುನಾವಣೆಯೇನೋ ಆಯ್ತು, ಮೂರೇ ದಿನಕ್ಕೆ ಕ್ರೀಡಾ ಸಚಿವಾಲಯವೂ ಅಮಾನತು ಮಾಡಿತು. ಆಮೇಲೆ ನಡೆದದ್ದು ನೋಡಿ. 2024ರ ಜನವರಿ ಕೊನೆಗೆ ಫೆಡರೇಷನ್ ಪುಣೆಯಲ್ಲಿ ರಾಷ್ಟ್ರೀಯ ಪಂದ್ಯ ನಡೆಸಿತು. ಫೆಬ್ರವರಿ ಶುರುವಿಗೆ, ಫೆಡರೇಷನ್ ಬದಲಿಗೆ ಕುಸ್ತಿ ನೋಡಿಕೊಳ್ಳಲು ನೇಮಿಸಿದ್ದ ತಾತ್ಕಾಲಿಕ ಸಮಿತಿ ಜೈಪುರದಲ್ಲಿ ಇನ್ನೊಂದು ನಡೆಸಿತು. ಪುಣೆಯದ್ದಕ್ಕೆ ಮಾನ್ಯತೆಯಿಲ್ಲ, ಆ ಸರ್ಟಿಫಿಕೇಟು ಸರ್ಕಾರಿ ಸವಲತ್ತಿಗೆ ನಡೆಯಲ್ಲ ಅಂತ ಸಚಿವಾಲಯ ಹೇಳಿತ್ತು. ಹಳ್ಳಿಯಿಂದ ರೈಲು ಹತ್ತಿದ ಹುಡುಗ ಯಾವ ಕಡೆ ಹೋಗಬೇಕಿತ್ತು, ಹೇಳಿ?

ಅಮೆರಿಕದವರು ಭಾರೀ ಒಳ್ಳೆಯವರು ಅಂತ ಇದನ್ನೆಲ್ಲ ಹೇಳುತ್ತಿಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಒಂದೇ ತೂಕಕ್ಕೆ ನಾಲ್ಕು ಸಂಸ್ಥೆಗಳ ನಾಲ್ಕು ಬೆಲ್ಟು, ನಾಲ್ವರು 'ವಿಶ್ವ ಚಾಂಪಿಯನ್ನರು'. ಅದನ್ನು ಇವರು ಕಣ್ಣು ಮಿಟುಕಿಸದೆ ನೋಡುತ್ತಾರೆ. ಇಲ್ಲಿ ಮಾನ್ಯತೆಯ ಹಿಂದೆ ಸರ್ಕಾರಿ ಕೆಲಸ ಇಲ್ಲ, ನಮ್ಮಲ್ಲಿ ಇದೆ. ರೈಲ್ವೆ, ಪೊಲೀಸ್, ಇಂಜಿನಿಯರಿಂಗ್ ಸೀಟು ಎಲ್ಲವೂ ಆ ಒಂದು ಕಾಗದಕ್ಕೆ ಅಂಟಿಕೊಂಡಿವೆ. ಸಂಘದವರ ಜಗಳ ಜೋರಾಗುವುದೂ ಅದಕ್ಕೇ.

ದಸರಾ ಕುಸ್ತಿಗೆ ಜೋಡಿ ಕಟ್ಟುವುದನ್ನು ಮೈಸೂರಿನವರು ನೋಡಿರುತ್ತೀರಿ. ಹುಡುಗರು ಎದುರುಬದುರು ನಿಲ್ಲುತ್ತಾರೆ, ಹಿರಿಯ ಪೈಲ್ವಾನರು ಮೈಕಟ್ಟು ನೋಡಿ 'ಇವನಿಗೆ ಇವನು' ಅಂತ ಕೈ ಕೂಡಿಸುತ್ತಾರೆ. ಯಾರ ಗರಡಿ ಅಂತ ಕೇಳುತ್ತಾರೆ, ಯಾವ ಫೆಡರೇಷನ್ ಅಂತ ಕೇಳಲ್ಲ. ಕಾಲೇಜು ಸೀಟನ್ನು ಹಾಗೆ ಹಂಚುವುದಕ್ಕೆ ಆಗುವುದಿಲ್ಲ, ಒಪ್ಪಿದೆ.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ಮಾನ್ಯತೆ ಕೊಡಲು ಒಂದು ಮಂಡಳಿ, ಜಗಳ ಬಿಡಿಸಲು ಒಂದು ನ್ಯಾಯಮಂಡಳಿ ಅಂತ ಇದೆ. ಒಳ್ಳೆಯದೇ. ಸಂಘಗಳು ಅಲ್ಲಿ ಎಷ್ಟು ವರ್ಷ ಬೇಕಾದರೂ ಗುದ್ದಾಡಲಿ. ಆದರೆ ತೀರ್ಪು ಬರುವವರೆಗೆ ಎರಡೂ ಕಡೆ ಆಡಿದ ಮಕ್ಕಳ ಫಲಿತಾಂಶ ಊರ್ಜಿತ ಅನ್ನಬೇಕು. ಮಾನ್ಯತೆ ಹೋದರೆ ಹೋದ ದಿನದಿಂದ ಮುಂದಕ್ಕೆ ಹೋಗಲಿ, ಹಿಂದಕ್ಕೆ ಬೇಡ. ಯಾರಿಗೆ ಮಾನ್ಯತೆ ಇದೆ ಅನ್ನುವ ಪಟ್ಟಿಯನ್ನು ಚಾಮುಂಡಿ ವಿಹಾರ ಸ್ಟೇಡಿಯಂ ಗೇಟಿನಲ್ಲಿ, ಫೀಸು ಕಟ್ಟುವ ಮೊದಲೇ ಕಾಣುವ ಹಾಗೆ, ತಾರೀಖು ಸಮೇತ ಹಾಕಲಿ.

ಫೋನಿನಲ್ಲಿ ಇದನ್ನೇ ಹೇಳಿದೆ. ಭಾವ ನಕ್ಕರು. "ಪಟ್ಟಿ ಹಾಕೋದಕ್ಕೂ ಎರಡು ಸಂಘದವರು ಸ್ಟೇ ತರ್ತಾರೆ ಕಣಯ್ಯಾ" ಅಂದರು. ಮಗಳನ್ನು ಈಗ ಎರಡೂ ಸಂಘಕ್ಕೆ ಸೇರಿಸಿದ್ದಾರೆ, ಫೀಸೂ ಎರಡು.