80ಕ್ಕೆ 13ರ ಇಂಗ್ಲಿಷು

ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು ಶೇ 33 ಅಂಕ ಸಾಕು, ಆಂತರಿಕ ಮೌಲ್ಯಮಾಪನವನ್ನೂ ಸೇರಿಸಿ 625ಕ್ಕೆ 206 ಬಂದರೆ ದಡ ಮುಟ್ಟಿದಂತೆ ಎಂದು 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಪ್ರಕಟಿಸಿದಾಗ ಹಲವರು ಹಣೆ ಚಚ್ಚಿಕೊಂಡರು. ಇಂಗ್ಲಿಷ್ ವಿಷಯದ ಮಟ್ಟಿಗಂತೂ ಇಷ್ಟು ಪ್ರಾಮಾಣಿಕವಾದ ತೀರ್ಮಾನ ಇನ್ನೊಂದಿಲ್ಲವೆಂದು ನನಗೆ ಅನ್ನಿಸಿತು. ಶಾಲೆಯೇ ದಯಪಾಲಿಸುವ 20 ಅಂಕ ಜೇಬಿನಲ್ಲಿದ್ದರೆ, 80ರ ಪತ್ರಿಕೆಯಲ್ಲಿ 13 ಗಿಟ್ಟಿಸಿದರೆ ಆ 33 ಭರ್ತಿಯಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗಿರುವುದರಿಂದ, ಹತ್ತು ವರ್ಷಕ್ಕೆ 13 ಅಂಕವೆಂದರೆ ವರ್ಷಕ್ಕೆ ಒಂದೂಕಾಲು, ಮೇಲೊಂದಿಷ್ಟು ಚಿಲ್ಲರೆ. ಇಷ್ಟನ್ನು ಹೊರೆಯೆಂದು ಗೊಣಗುವ ಮಗು ನಾಡಿನಲ್ಲಿ ಇರಲಾರದು.

ಪರಭಾಷೆಯನ್ನು ಕಲಿಯುವ ಹೊಣೆ ವಿದ್ಯಾರ್ಥಿಯದೋ ಮೇಷ್ಟರದೋ ಎಂಬ ಹಳೆಯ ಜಗಳವನ್ನೂ ನಾವು ಅಷ್ಟೇ ಜಾಣತನದಿಂದ ಬಗೆಹರಿಸಿಕೊಂಡಿದ್ದೇವೆ. ಆ ರಾಜಿಸೂತ್ರಕ್ಕೆ ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎನ್ನುತ್ತಾರೆ. ಕಂಠಪಾಠದ ಪದ್ಯದ ನಾಲ್ಕು ಸಾಲು, ಒಂದು ಪ್ರಬಂಧ, ಒಂದು ಪತ್ರ, ಚಿತ್ರ ನೋಡಿ ಬರೆಯುವ ಮೂರು ವಾಕ್ಯ, ಇವಿಷ್ಟನ್ನು ಮೇಷ್ಟರು ಉರು ಹೊಡೆಸಬೇಕು, ಹುಡುಗ ಹೊಡೆಯಬೇಕು. ಅರ್ಥವೇನೆಂದು ಹುಡುಗ ಕೇಳಕೂಡದು, ಅರ್ಥವಾಯಿತೇ ಎಂದು ಮೇಷ್ಟರೂ ಕೇಳಕೂಡದು. ಚಿತ್ರದಲ್ಲಿ ಬಸ್ಸು ಹಳ್ಳಕ್ಕೆ ಉರುಳಿ ಬಿದ್ದಿದ್ದರೂ ‘ದಿಸ್ ಈಸ್ ಎ ಬ್ಯೂಟಿಫುಲ್ ಪಿಕ್ಚರ್’ ಎಂದೇ ಆರಂಭಿಸಬೇಕೆಂಬುದು ಈ ವಿದ್ಯೆಯ ಮೊದಲ ಸೂತ್ರ.

ಈ ಪ್ಯಾಕೇಜಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪತ್ರಲೇಖನ. ನಿನ್ನನ್ನು ನೀನು ರಘು ಅಥವಾ ರಾಧಾ ಎಂದು ಭಾವಿಸಿಕೊಂಡು, ಶಾಲಾ ಪ್ರವಾಸಕ್ಕೆ ಹಣ ಕೋರಿ ತಂದೆಗೆ ಪತ್ರ ಬರೆ ಎನ್ನುತ್ತದೆ ಪ್ರಶ್ನೆ. ಒಂದೇ ಬೆಳಗಿನಲ್ಲಿ, ಒಂದೇ ಒಕ್ಕಣೆಯಲ್ಲಿ, ‘ಐ ಆ್ಯಮ್ ಕ್ವೈಟ್ ವೆಲ್ ಹಿಯರ್’ ಎನ್ನುತ್ತ ರಘುಗಳ ದಂಡೇ ಅಪ್ಪಂದಿರ ಮುಂದೆ ಕೈಚಾಚುವ ಆ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಅಪ್ಪನೋ ಅದೇ ಮನೆಯ ಜಗುಲಿಯ ಮೇಲೆ ಬೀಡಿ ಹಚ್ಚಿಕೊಂಡು ಕೂತಿದ್ದಾನೆ, ಅವನಿಗೆ ಇಂಗ್ಲಿಷ್ ಬಾರದು. ಬರೆದ ಮಗನಿಗೂ ತಾನು ಎಷ್ಟು ಹಣ ಕೇಳಿದ್ದೇನೆಂದು ತಿಳಿಯದು. ಇಬ್ಬರಿಗೂ ಬಿಡಿಸಿ ಹೇಳಬಲ್ಲ ಒಬ್ಬ ಮೇಷ್ಟರು ಬಿಸಿಯೂಟದ ಮೊಟ್ಟೆ ಎಣಿಸಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದಾರೆ. ಅದೇ ಹುಡುಗ ಶಾಲೆಯ ಹೊರಗೆ ಸ್ವಿಚ್ಚು, ಚಾರ್ಜು, ಸಿಗ್ನಲ್ಲು, ಬ್ಯಾಲೆನ್ಸು ಎಂದು ಅರ್ಧ ನಿಘಂಟನ್ನು ಯಾವ ಮೇಷ್ಟರ ಹಂಗಿಲ್ಲದೆ ಬಳಸುತ್ತಿರುತ್ತಾನೆ; ಆ ಪದಗಳಿಗೆ ಕ್ರಿಯಾಪದವೊಂದನ್ನು ಜೋಡಿಸಿಕೊಡುವ ಯೋಚನೆ ಮಾತ್ರ ಪ್ಯಾಕೇಜಿನಲ್ಲಿ ಇಲ್ಲ.

ಫಲಿತಾಂಶ ಕುಸಿದ ವರ್ಷ ಇಲಾಖೆಯು ಮುಖ್ಯಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್ ಕೊಡುತ್ತದೆ. ಪ್ರೌಢಶಾಲೆಯವರು ಪ್ರಾಥಮಿಕ ಶಾಲೆಯವರತ್ತ ಬೆರಳು ತೋರಿಸುತ್ತಾರೆ, ಪ್ರಾಥಮಿಕದವರು ಪೋಷಕರತ್ತ, ಪೋಷಕರು ಮೊಬೈಲಿನತ್ತ. ಮೊಬೈಲು ಉತ್ತರ ಕೊಡುವುದಿಲ್ಲವಾದ್ದರಿಂದ ತನಿಖೆ ಅಲ್ಲಿಗೆ ಮುಕ್ತಾಯ.

ನಗುವುದಕ್ಕೂ ಸಾಕಾಗಿದೆ. ಪಾಸಿನ ಅಂಕವನ್ನು ಇಳಿಸಿದ ಅದೇ ಅಕ್ಟೋಬರ್‌ನಲ್ಲಿ, ಮೇಷ್ಟರುಗಳು ಮನೆಮನೆ ಸುತ್ತಿ ‘ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ’ ಮುಗಿಸಲೆಂದು ದಸರಾ ರಜೆಯನ್ನು 18ನೇ ತಾರೀಖಿನವರೆಗೆ ವಿಸ್ತರಿಸಲಾಯಿತು. ಶಿಕ್ಷಣದ ಸ್ಥಿತಿ ಅಳೆಯುವುದಕ್ಕೆ ಶಾಲೆಗೇ ಬೀಗ. ಹಾಗೆಂದು ಮೇಷ್ಟರ ಕೈ ಶುದ್ಧವಾಗಿದೆಯೆಂದು ನಾನು ಹೇಳಲಾರೆ. ವರ್ಷಕ್ಕೊಂದು ಇಂಗ್ಲಿಷ್ ಪುಸ್ತಕವನ್ನೂ ತೆರೆಯದೆ ಗೈಡನ್ನೇ ಬೋರ್ಡಿಗೆ ಇಳಿಸುವವರನ್ನು ಯಾವ ಸಮೀಕ್ಷೆಯೂ ತಡೆದಿಲ್ಲ. ಹುಡುಗನೂ ಪಾಪದವನಲ್ಲ, ರಾತ್ರಿ ಹನ್ನೊಂದರವರೆಗೆ ರೀಲ್ಸ್ ನೋಡುವ ಕಣ್ಣಿಗೆ ಪಾಠದ ಒಂದು ಪುಟ ಓದಲು ಉರಿ. ಕಲಿಸದವನಿಗೂ ಕಲಿಯದವನಿಗೂ ಅನುಕೂಲವಾಗುವಂತೆ ಪರೀಕ್ಷೆಯನ್ನು ಕಟ್ಟಿಟ್ಟು, ನಾಳೆ ಬೆಂಗಳೂರಿನ ಕಂಪನಿಯ ಬಾಗಿಲಲ್ಲಿ ಸಂದರ್ಶನವೆಂದಾಗ ಅವನೊಬ್ಬನನ್ನೇ ಒಳಗೆ ಕಳಿಸುತ್ತೇವೆ. ಅಲ್ಲಿ ಅವನು ತಡವರಿಸುವಾಗ ಪ್ಯಾಕೇಜ್ ಬರೆದವರಾರೂ ಪಕ್ಕದಲ್ಲಿರುವುದಿಲ್ಲ.

ಪರಿಚಯದ ಶಿಕ್ಷಕರೊಬ್ಬರು ಪೂರ್ವಸಿದ್ಧತಾ ಪರೀಕ್ಷೆಯ ಒಂದು ಉತ್ತರಪತ್ರಿಕೆಯ ಕಥೆ ಹೇಳಿದರು. ಪತ್ರದ ಪ್ರಶ್ನೆಗೆ ಹುಡುಗನೊಬ್ಬ ‘ಮೈ ಫಾದರ್ ನೋ ರೀಡಿಂಗ್. ಸರ್, ಯೂ ಫೋನ್ ಹಿಮ್’ ಎಂದಷ್ಟೇ ಬರೆದಿದ್ದನಂತೆ. ಎಷ್ಟು ಕೊಟ್ಟಿರಿ ಎಂದು ಕೇಳಿದೆ. ವಿಳಾಸವಿಲ್ಲ, ದಿನಾಂಕವಿಲ್ಲ, ‘ಕ್ವೈಟ್ ವೆಲ್’ ಕೂಡ ಇಲ್ಲ, ಹಾಗಾಗಿ ಐದಕ್ಕೆ ಸೊನ್ನೆ ಎಂದರು.

ಅಪ್ಪನಿಗೆ ಫೋನು ಮಾಡಿದಿರಾ ಎಂದು ಕೇಳುವಷ್ಟರಲ್ಲಿ ಅವರಿಗೆ ಮೀಟಿಂಗಿಗೆ ಹೊತ್ತಾಗಿತ್ತು.