ಪ್ರಳಯವಾಗಲಿ, ಆದರೆ ಯಾರಿಗೂ ನೋವಾಗದಿರಲಿ

ಲೋಕ ಮುಳುಗುವಾಗಲೂ ಮರ್ಯಾದೆ ಬಿಡಬಾರದೆಂಬ ನಿಯಮವನ್ನು 2013ರ ‘ವರ್ಲ್ಡ್ ವಾರ್ ಝಡ್’ ಚಿತ್ರದಷ್ಟು ನಿಷ್ಠೆಯಿಂದ ಪಾಲಿಸಿದ ಇನ್ನೊಂದು ಪ್ರಳಯವನ್ನು ನಾನು ಕಂಡಿಲ್ಲ. ಸತ್ತವರು ಎದ್ದು ಬದುಕಿರುವವರನ್ನು ಕಚ್ಚುತ್ತಾರೆ, ಕಚ್ಚಿಸಿಕೊಂಡವರು ಹನ್ನೆರಡೇ ಸೆಕೆಂಡಿನಲ್ಲಿ ಮೈಮುರಿದೆದ್ದು ಪಕ್ಕದವರ ಮೇಲೆ ಹಾರುತ್ತಾರೆ, ನಗರಗಳು ಒಂದೊಂದಾಗಿ ಬೀಳುತ್ತವೆ. ಆದರೆ ತೆರೆಯ ಮೇಲೆ ಒಂದು ಬೊಗಸೆ ರಕ್ತವನ್ನು ಹುಡುಕಿದರೂ ಸಿಗುವುದಿಲ್ಲ. ಹದಿಹರೆಯದ ಮಕ್ಕಳೂ ಟಿಕೆಟ್ ಕೊಳ್ಳುವಂತಾಗಲು ಅಮೆರಿಕದಲ್ಲಿ ‘ಪಿಜಿ-13’ ಎಂಬ ಪ್ರಮಾಣಪತ್ರ ಬೇಕು. ಸುಮಾರು 19 ಕೋಟಿ ಡಾಲರ್ ಸುರಿದು ಮಾಡಿಸಿದ ಪ್ರಳಯಕ್ಕೆ ರಕ್ತ ಚೆಲ್ಲುವಷ್ಟು ಸ್ವಾತಂತ್ರ್ಯವೆಲ್ಲಿಯದು? ಒಂದು ಕಡೆ ನಾಯಕ ಹಾರೆಕೋಲಿನಿಂದ ಹೆಣವೊಂದಕ್ಕೆ ಹೊಡೆಯುತ್ತಾನೆ, ಹಾರೆ ಸಿಕ್ಕಿಕೊಳ್ಳುತ್ತದೆ, ಅವನು ಅದನ್ನು ಕೀಳಲು ಹೆಣಗುತ್ತಾನೆ. ಅದು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಮಾತ್ರ ಚೌಕಟ್ಟಿನ ಕೆಳಗೇ ಉಳಿಯುತ್ತದೆ. ಬೋರ್‌ವೆಲ್ ಪಂಪು ಎತ್ತುತ್ತಿದ್ದಾನೆಂದು ಹೇಳಿದರೂ ನಂಬಬಹುದು.

ಮ್ಯಾಕ್ಸ್ ಬ್ರೂಕ್ಸ್ 2006ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಹೀಗೆ ಲೋಕವನ್ನು ಉಳಿಸುವ ಏಕೈಕ ನಾಯಕನೇ ಇಲ್ಲ. ಯುದ್ಧ ಮುಗಿದ ಮೇಲೆ ಒಬ್ಬಾತ ದೇಶದೇಶ ಸುತ್ತಿ, ಬದುಕುಳಿದವರ ಮಾತುಗಳನ್ನು ಬರೆದುಕೊಳ್ಳುತ್ತಾನೆ. ಯಾವ ಸರ್ಕಾರ ಸುಳ್ಳು ಹೇಳಿತು, ಯಾವ ವ್ಯಾಪಾರಿ ಕೆಲಸಕ್ಕೆ ಬಾರದ ಲಸಿಕೆ ಮಾರಿ ದುಡ್ಡು ಮಾಡಿದ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಇಂಥ ಪುಸ್ತಕದ ಹಕ್ಕು ಕೊಂಡವರು ಪುಸ್ತಕವನ್ನು ಬದಿಗಿಟ್ಟು, ಶೀರ್ಷಿಕೆಯನ್ನು ಇಟ್ಟುಕೊಂಡು, ನಡುವೆ ಬ್ರಾಡ್ ಪಿಟ್ ಅವರನ್ನು ನಿಲ್ಲಿಸಿದರು. ಕಾದಂಬರಿಯಲ್ಲಿ ರೋಗ ಮೊದಲು ಕಾಣಿಸಿಕೊಳ್ಳುವುದು ಚೀನಾದ ಹಳ್ಳಿಯೊಂದರಲ್ಲಿ. ಚಿತ್ರದಲ್ಲಿ ಚೀನಾದತ್ತ ಬೆರಳು ತೋರದಂತೆ ಸ್ಟುಡಿಯೊ ಎಚ್ಚರ ವಹಿಸಿತೆಂದು ಆಗ ವರದಿಯಾಗಿತ್ತು. ಮನುಕುಲವೇ ಅಳಿಯಬಹುದು, ಅಲ್ಲಿನ ಟಿಕೆಟ್ ಖಿಡಕಿ ಮಾತ್ರ ಮುಚ್ಚಬಾರದು.

ಚೀನಾದ ಬದಲು ನಮ್ಮ ಹೆಸರು ಬಂದಿದೆ. ಭಾರತದ ಸೇನಾಧಿಕಾರಿಯೊಬ್ಬರು ‘ರಾಕ್ಷಸ’ರೊಡನೆ ಕಾದುತ್ತಿದ್ದೇವೆಂದು ಕಳಿಸಿದ ಸಂದೇಶವನ್ನು ಇಸ್ರೇಲಿನ ಗುಪ್ತಚರರು ಕದ್ದು ಓದಿದ್ದರಿಂದಲೇ ಜೆರುಸಲೇಮಿನ ಸುತ್ತ ಸಕಾಲಕ್ಕೆ ಗೋಡೆ ಎದ್ದಿತಂತೆ. ರಾಕ್ಷಸ ಎಂದರೆ ಜೊಂಬಿ ಎಂದು ಅಲ್ಲಿಯ ಅಧಿಕಾರಿ ಅನುವಾದವನ್ನೂ ಒದಗಿಸುತ್ತಾನೆ. ರಾಕ್ಷಸಕುಲಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಬಕಾಸುರನ ಊಟಕ್ಕೆ ಹೊತ್ತುಗೊತ್ತಿತ್ತು, ಎಷ್ಟು ಬಂಡಿ ಅನ್ನ, ಎಷ್ಟು ಕೋಣ ಎಂಬ ಕರಾರಿತ್ತು. ರಾವಣನಿಗೆ ವೀಣೆ ಬರುತ್ತಿತ್ತು. ಹಿರಣ್ಯಕಶಿಪು ವರ ಕೇಳುವಾಗ ನುರಿತ ವಕೀಲನಂತೆ ಹಗಲು, ರಾತ್ರಿ, ಒಳಗೆ, ಹೊರಗೆ ಎಂದು ಷರತ್ತು ಹಾಕಿದ್ದ. ಹಲ್ಲು ಕಟಕಟಿಸುವುದರ ಹೊರತು ಇನ್ನೊಂದು ವಿದ್ಯೆ ಬಾರದ ಈ ಹೆಣಗಳನ್ನು ಅವರ ವಂಶಾವಳಿಗೆ ಸೇರಿಸಿದವರಿಗೆ ಯಕ್ಷಗಾನದ ಬಣ್ಣದ ವೇಷವೊಂದನ್ನು ಹತ್ತಿರದಿಂದ ತೋರಿಸಬೇಕು.

ಆದರೂ ಆ ಗೋಡೆಯ ದೃಶ್ಯವನ್ನು ಹೊಗಳದೆ ವಿಧಿಯಿಲ್ಲ. ಬೆಲ್ಲದ ಅಚ್ಚಿಗೆ ಮುತ್ತಿದ ಇರುವೆಗಳಂತೆ ಹೆಣದ ಮೇಲೆ ಹೆಣ ಏರಿ, ಕೆಳಗಿನವರ ತಲೆ, ಹೆಗಲುಗಳನ್ನೇ ಮೆಟ್ಟಿಲಾಗಿಸಿಕೊಂಡು, ಆ ರಾಶಿ ಗೋಡೆಯ ತುದಿ ಮುಟ್ಟುವಾಗ ಕುರ್ಚಿಯ ಕೈ ಹಿಡಿಯದವರು ಕಡಿಮೆ. ಮೊದಲ ಹತ್ತು ನಿಮಿಷವೂ ಹಾಗೆಯೇ: ಅಮೆರಿಕದ ಫಿಲಡೆಲ್ಫಿಯಾ ನಗರದ ಬೀದಿಯಲ್ಲಿ ಬಿದ್ದ ಮಕ್ಕಳ ಆಟಿಕೆಯೊಂದು ತನ್ನಷ್ಟಕ್ಕೆ ಅಂಕಿ ಎಣಿಸುತ್ತಿರುತ್ತದೆ, ಕಚ್ಚಿಸಿಕೊಂಡವನೊಬ್ಬ ಅದರ ಎಣಿಕೆ ಮುಗಿಯುವಷ್ಟರಲ್ಲಿ ಬೇರೆಯೇ ಆಗುತ್ತಾನೆ. (ಈ ಫಿಲಡೆಲ್ಫಿಯಾವನ್ನು ಚಿತ್ರೀಕರಿಸಿದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ, ಪ್ರಳಯಕ್ಕೆ ಊರು ಯಾವುದಾದರೇನು.) ಆದರೆ ಗೋಡೆ ಹತ್ತಿಸಿದ್ದು ಏನು ಎಂದು ಕೇಳಿದರೆ ಮತ್ತೆ ನಗು ಬರುತ್ತದೆ. ಶತ್ರು ಸದ್ದಿಗೆ ಬರುತ್ತಾನೆ. ಅಂಥಲ್ಲಿ ರಕ್ಷಣೆ ಸಿಕ್ಕ ಸಂತೋಷಕ್ಕೆ ಜನ ಮೈಕು ಹಿಡಿದು ಹಾಡುತ್ತಾರೆ. ಕಡಲಾಚೆಯ ರಹಸ್ಯ ಸಂದೇಶವನ್ನು ಓದಬಲ್ಲ ಸರ್ಕಾರಕ್ಕೆ ಎದುರಿನ ಮೈಕು ಆಫ್ ಮಾಡಲು ಆಗುವುದಿಲ್ಲ. ಇದೊಂದನ್ನು ನಾನು ಪೂರ್ತಿ ನಂಬುತ್ತೇನೆ.

ತಜ್ಞರ ವಿಷಯದಲ್ಲೂ ಚಿತ್ರ ಧಾರಾಳವಾಗಿದೆ. ಮದ್ದು ಹುಡುಕಬಲ್ಲನೆಂದು ಜಗತ್ತೇ ನಂಬಿದ್ದ ಯುವ ವಿಜ್ಞಾನಿ, ಕೊರಿಯಾದಲ್ಲಿ ವಿಮಾನದಿಂದ ಇಳಿಯುತ್ತಲೇ ಕಾಲು ಜಾರಿ, ತನ್ನ ಪಿಸ್ತೂಲಿನಿಂದ ತಾನೇ ಸಾಯುತ್ತಾನೆ. ಅದೇ ನೆಲೆಯಲ್ಲಿ ಹಿಂತಿರುಗುವಾಗ, ಸದ್ದಾಗಬಾರದೆಂದು ಸೈನಿಕರೊಡನೆ ಕತ್ತಲಲ್ಲಿ ಸೈಕಲ್ ತುಳಿಯುವ ನಾಯಕ, ಫೋನನ್ನು ಸೈಲೆಂಟಿಗೆ ಹಾಕಲು ಮರೆತಿರುತ್ತಾನೆ. ಹೆಂಡತಿಯ ಕರೆ ಬರುತ್ತದೆ, ಸೈನಿಕರು ಹೋಗುತ್ತಾರೆ, ಅವನು ಉಳಿಯುತ್ತಾನೆ. ಮುಂದೆ ಹಾರುವ ವಿಮಾನದೊಳಗೇ ಗ್ರೆನೇಡ್ ಸಿಡಿಸುತ್ತಾನೆ. ವಿಮಾನ ಒಡೆದು ಬೀಳುವುದು, ಅವನು ತಲುಪಬೇಕಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗಾಲಯಕ್ಕೆ ನಡೆದುಹೋಗುವಷ್ಟು ದೂರದಲ್ಲಿ. ಆಟೊದವರೂ ಇಷ್ಟು ಸರಿಯಾಗಿ ಬಾಗಿಲಿಗೆ ಬಿಡುವುದಿಲ್ಲ.

ಕೊನೆಯ ಭಾಗಕ್ಕೆಂದು ಮೊದಲು ರಷ್ಯಾದಲ್ಲಿ ನಡೆಯುವ ಮಹಾಯುದ್ಧವೊಂದನ್ನು ಚಿತ್ರೀಕರಿಸಿ, ನೋಡಿ, ಬೇಡವೆಂದು ಎತ್ತಿಟ್ಟು, ಹೊಸ ಬರಹಗಾರರನ್ನು ಕರೆಸಿ, ವೇಲ್ಸಿನ ಆ ಪ್ರಯೋಗಾಲಯದ ಕೆಲವು ಓಣಿಗಳಲ್ಲೇ ಕತೆ ಮುಗಿಸಿದರು. ವಿಚಿತ್ರವೆಂದರೆ ಇಡೀ ಚಿತ್ರದಲ್ಲಿ ನಿಜವಾಗಿ ಉಸಿರು ಬಿಗಿಹಿಡಿಸುವುದು ಈ ಓಣಿಗಳೇ. ಗಾಜಿನಾಚೆ ಹಲ್ಲು ಕಡಿಯುತ್ತ ನಿಂತ ಒಂದೇ ಒಂದು ಹೆಣ, ಸಾವಿರ ಹೆಣಗಳ ಗೋಪುರಕ್ಕಿಂತ ಹೆಚ್ಚು ಹೆದರಿಸುತ್ತದೆ. ಕಡಿಮೆ ಖರ್ಚಿನಲ್ಲೂ ಹೆದರಿಸಬಹುದೆಂಬ ಈ ಸತ್ಯ ತಿಳಿಯಲು ಅಷ್ಟೊಂದು ಡಾಲರ್ ಬೇಕಾದವು. ಚಿತ್ರ ಜಗತ್ತಿನಾದ್ಯಂತ 54 ಕೋಟಿ ಡಾಲರ್ ಗಳಿಸಿದ್ದರಿಂದ ಯಾರೂ ಬೇಸರಪಟ್ಟಂತಿಲ್ಲ.

ಆ ಓಣಿಯಲ್ಲೇ ನಾಯಕ ಮಾರಕ ರೋಗವೊಂದನ್ನು ತನಗೆ ತಾನೇ ಚುಚ್ಚಿಕೊಳ್ಳುತ್ತಾನೆ, ರೋಗಿಗಳನ್ನು ಹೆಣಗಳು ಮುಟ್ಟುವುದಿಲ್ಲವೆಂಬ ತನ್ನ ಊಹೆಯನ್ನು ಗೆಲ್ಲಿಸುತ್ತಾನೆ, ಹೊರಗೆ ಬರುತ್ತಾನೆ. ಎದುರಿಗೆ ಪೆಪ್ಸಿ ಯಂತ್ರ. ಮನುಕುಲ ಕಾಯುತ್ತಿದೆ, ಮೈಯಲ್ಲಿ ವಿಷ ಏರುತ್ತಿದೆ. ಆತ ನಿಧಾನವಾಗಿ ಒಂದು ಡಬ್ಬ ತೆರೆದು, ಲೇಬಲ್ ನಮ್ಮ ಕಡೆಗಿರುವಂತೆ ಹಿಡಿದು ಕುಡಿಯುತ್ತಾನೆ. ಉಳಿದ ಡಬ್ಬಗಳು ಯಂತ್ರದಿಂದ ದಡದಡನೆ ಉರುಳಿ ನೆಲದ ತುಂಬ ಹರಡುತ್ತವೆ. ಸತ್ತವರೆಲ್ಲ ಅತ್ತ ಓಡುತ್ತಾರೆ.